ಹಾಲಿನ ಡೈರಿಗೆ ಸೆಂಟು ಹಾಕಿಕೊಂಡು

ಬೆಳಿಗ್ಗೆ ಐದು ಗಂಟೆಗೆ ಮುಖ ತೊಳೆದು, ಜಡೆ ಹೆಣೆದುಕೊಂಡ ಮೇಲೆ, ಕತ್ತಿನ ಹಿಂದಕ್ಕೆ ಎರಡು ಸಲ ಸೆಂಟು ಹೊಡೆದುಕೊಳ್ಳುತ್ತೇನೆ. ಯಾರಿಗೋಸ್ಕರ ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಯನ್ನು ನಮ್ಮೂರಿನವರು ಆಗಲೇ ಕೇಳಿ ಮುಗಿಸಿದ್ದಾರೆ. ನೀರಿನ ಟ್ಯಾಂಕಿನ ಹತ್ತಿರ ಕೇಳಿದ್ದಾರೆ, ಆಟೋದಲ್ಲಿ ಕೇಳಿದ್ದಾರೆ, ನನ್ನ ಮುಂದೆ ಬಾಯಿಬಿಟ್ಟು ಕೇಳಲಾರದವರು ನನ್ನ ಗಂಡನನ್ನು ಕೇಳಿದ್ದಾರೆ. ನನಗೆ ನಲವತ್ತೆಂಟು ವರ್ಷ. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದೇನೆ, ಒಬ್ಬಳು ಮೊಮ್ಮಗಳಿದ್ದಾಳೆ. ಇಂಥ ಹೆಂಗಸು ಯಾರಿಗೂ ಅಲ್ಲದೆ, ಸುಮ್ಮನೆ, ತನ್ನ ಪಾಡಿಗೆ ತಾನು ಘಮಘಮ ಎನ್ನಬಹುದು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಾನು ಮಾಡುವ ಕೆಲಸದಿಂದಾಗಿ ಇದು ದೊಡ್ಡ ವಿಷಯವಾಯಿತು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ನಾಲೆ ಏರಿಯ ಮೇಲೆ ಒಂದಷ್ಟು ದೂರ ನಡೆದರೆ ನಮ್ಮೂರು. ಊರಿನಲ್ಲಿ ಹೆಂಗಸರದೇ ಒಂದು ಹಾಲಿನ ಡೈರಿಯಿದೆ. ಹಾಲು ಹಾಕುವವರು ಹೆಂಗಸರು, ಅಧ್ಯಕ್ಷೆ ಹೆಂಗಸು, ಟೆಸ್ಟರು ನಾನು. ಟೆಸ್ಟರು ಎಂದರೆ ಲ್ಯಾಕ್ಟೋಮೀಟರು, ಫ್ಯಾಟು ಅಳೆಯುವ ಮಿಷನ್ನು ಎಂದು ನೀವು ಅಂದುಕೊಳ್ಳುತ್ತೀರಿ. ಅವೆಲ್ಲ ಆಮೇಲೆ. ಮೊದಲು ಬರುವುದು ಮೂಗು. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಮೂಗು ತಗ್ಗಿಸಿ ಒಂದು ಸಲ ಎಳೆದುಕೊಳ್ಳಬೇಕು. ಎರಡನೇ ಸಲಕ್ಕೆ ಅನುಮಾನ ಶುರುವಾಗುತ್ತದೆ, ಮೂರನೇ ಸಲಕ್ಕೆ ಏನೂ ತಿಳಿಯುವುದಿಲ್ಲ. ಬೇಕು, ಬೇಡ ಎರಡರಲ್ಲೊಂದನ್ನು ಮೊದಲನೇ ಉಸಿರಿಗೇ ಹೇಳಿಬಿಡಬೇಕು. ಹದಿನೈದು ವರ್ಷದಿಂದ ದಿನಕ್ಕೆ ಎರಡು ಹೊತ್ತು ಇದೇ ನನ್ನ ಕಸುಬು.

ಹಾಲಿಗೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಪಕ್ಕದಲ್ಲಿ ಏನಿದ್ದರೂ ಹೀರಿಕೊಂಡು ಬಂದು ನನ್ನ ಮುಂದೆ ಒಪ್ಪಿಸಿಬಿಡುತ್ತದೆ. ಯಾರ ಕೊಟ್ಟಿಗೆಯಲ್ಲಿ ಗಂಜಲ ಹರಿದುಹೋಗಿಲ್ಲ, ಯಾರು ಈರುಳ್ಳಿ ಚೀಲದ ಪಕ್ಕ ಕ್ಯಾನು ಇಟ್ಟಿದ್ದರು, ಯಾರ ಗಂಡ ಹಾಲು ಕರೆಯುತ್ತಾ ಬೀಡಿ ಸೇದಿದ, ಎಲ್ಲ ಗೊತ್ತಾಗುತ್ತದೆ. ಶ್ರಾವಣದಲ್ಲಿ ಮಾಂಸ ಮುಟ್ಟುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡಿದ್ದ ಒಂದು ಮನೆಯ ಹಾಲು ಸೋಮವಾರ ಬೆಳಿಗ್ಗೆ ಬೇರೆಯದೇ ಕತೆ ಹೇಳಿತ್ತು. ಯಾವ ಮನೆ ಎಂದು ಹೇಳುವುದಿಲ್ಲ. ಟೆಸ್ಟರಿಗೆ ಮೂಗು ಎಷ್ಟು ಮುಖ್ಯವೋ ಬಾಯಿ ಮುಚ್ಚಿಕೊಂಡಿರುವುದೂ ಅಷ್ಟೇ ಮುಖ್ಯ.

ಇಂಥ ಮೂಗು ಇಟ್ಟುಕೊಂಡು ಹದಿನೈದು ವರ್ಷ ಏನನ್ನು ಮೂಸಿದೆ ಹೇಳಿ. ಹಾಲು, ಹಿಂಡಿ, ಬೂಸಾ, ಸಗಣಿ, ಕ್ಯಾನು ತೊಳೆಯುವ ಸೋಡಾಪುಡಿ. ನನ್ನ ಸೀರೆಗಳೆಲ್ಲ ಹಳೇ ಹಾಲಿನ ವಾಸನೆ ಹಿಡಿದಿದ್ದವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕಿಟಕಿ ಕಡೆ ಮುಖ ತಿರುಗಿಸುವುದನ್ನು ನೋಡಿ ನೋಡಿ ಅಭ್ಯಾಸವಾಗಿತ್ತು. ಒಂದು ದಿನ ಮಂಡ್ಯದಲ್ಲಿ ಟೆಸ್ಟರುಗಳ ತರಬೇತಿ ಮುಗಿಸಿ ಬರುವಾಗ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಸೆಂಟಿನ ಅಂಗಡಿ ಕಂಡಿತು. ಯೋಚನೆ ಮಾಡಿದ್ದರೆ ಒಳಗೆ ಕಾಲಿಡುತ್ತಿರಲಿಲ್ಲ. ಯೋಚನೆ ಮಾಡಲಿಲ್ಲ.

ಅಂಗಡಿಯವನು ಮೊದಲು ಗುಲಾಬಿ ತೋರಿಸಿದ, ಮಲ್ಲಿಗೆ ತೋರಿಸಿದ. ಹೂವಿನ ವಾಸನೆಗೆ ಹೂವೇ ಇದೆಯಲ್ಲ, ಸೀಸೆ ಏಕೆ ಎಂದೆ. ಆ ಕಡೆಯ ಗೂಡಿನಲ್ಲಿದ್ದ ಒಂದು ಕಂದು ಬಣ್ಣದ ಚೌಕ ಸೀಸೆ ಕೇಳಿದೆ. ಅವನು ಯಜಮಾನರಿಗಾ ಎಂದ. ಇಲ್ಲಪ್ಪ, ನನಗೇ ಎಂದೆ. ಅದು ಗಂಡಸರದು ಮೇಡಂ ಎಂದ. ನನ್ನ ಮೂಗಿಗೆ ಅದು ಗೊತ್ತಿಲ್ಲ, ನೀನು ಹೊಡಿ ಎಂದೆ. ಕಾಗದದ ಪಟ್ಟಿಯ ಮೇಲೆ ಹೊಡೆದುಕೊಟ್ಟ. ಮುಚ್ಚಳ ತೆಗೆದ ಕ್ಯಾನಿನ ಮುಂದೆ ಬಗ್ಗಿದ ಹಾಗೆ ಬಗ್ಗಿ ಒಂದೇ ಉಸಿರು ಎಳೆದುಕೊಂಡೆ. ಎದುರಿಗಿದ್ದವನು ನಕ್ಕ. ನಗಲಿ, ಅವನಿಗೇನು ಗೊತ್ತು ಅವನ ಎದುರಿಗೆ ನಿಂತಿರುವ ಮೂಗು ಯಾವುದು ಎಂದು.

ಮೊದಲು ಬಂದಿದ್ದು ಹೇರಳೆಕಾಯಿ. ಹೇರಳೆಕಾಯಿಯ ಹುಳಿಯಲ್ಲ, ಸಿಪ್ಪೆ. ಚಿಕ್ಕವರಿದ್ದಾಗ ಅವ್ವ ಉಪ್ಪಿನಕಾಯಿಗೆ ಹೇರಳೆಕಾಯಿ ಹೆಚ್ಚುತ್ತಿದ್ದರೆ ನಾನೂ ನನ್ನ ತಂಗಿಯೂ ಸಿಪ್ಪೆಯ ಚೂರು ಕದ್ದು, ಒಬ್ಬರ ಕಣ್ಣಿಗೆ ಒಬ್ಬರು ಹಿಂಡಿ, ಇಬ್ಬರೂ ಕಣ್ಣು ಉಜ್ಜಿಕೊಂಡು ಅಳುತ್ತಿದ್ದೆವು. ಅಳುತ್ತಿದ್ದರೂ ಬೆರಳು ಮೂಸುವುದನ್ನು ಬಿಡುತ್ತಿರಲಿಲ್ಲ. ಆಮೇಲೆ ಬಂದಿದ್ದು ಮೆಣಸು, ಲವಂಗ, ಒಂದಿಷ್ಟು ಚಕ್ಕೆ. ಬಾಡೂಟದ ಮಸಾಲೆಯ ಹಾಗೆ ಮುಖಕ್ಕೆ ಹೊಡೆಯುವುದಿಲ್ಲ, ಡಬ್ಬದ ಮುಚ್ಚಳ ಒಂದಿಷ್ಟೇ ತೆಗೆದು ಮುಚ್ಚಿದ ಹಾಗೆ. ಅಂಗಡಿಯವನಿಗೆ ಅವಸರ. ಹೇಗಿದೆ ಮೇಡಂ, ಹೇಗಿದೆ ಮೇಡಂ ಎಂದು ಕೇಳುತ್ತಲೇ ಇದ್ದ. ಇರಪ್ಪ, ಇನ್ನೂ ಏನೋ ಬರುತ್ತಿದೆ ಎಂದು ನಿಲ್ಲಿಸಿದೆ. ಕಟ್ಟಕಡೆಗೆ ಬಂದಿದ್ದು ಮರ. ಶ್ರೀಗಂಧವಲ್ಲ. ನಮ್ಮ ಹಟ್ಟಿ ಮುಂದೆ ಆಚಾರಿ ಕೂತು ಗಾಡಿಗೆ ಹೊಸ ನೊಗ ಮಾಡುವಾಗ, ತೋಪಡದಿಂದ ಹೆರೆದ ಹಾಗೆಲ್ಲ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತಲ್ಲ, ಆ ಹಸಿ ಮರದ ವಾಸನೆ. ಇಪ್ಪತ್ತನಾಲ್ಕು ಗಂಟೆ ಇರುತ್ತದೆ ಮೇಡಂ, ಗ್ಯಾರಂಟಿ ಎಂದು ಅವನು ಸೇರಿಸಿದ. ಆ ಮಾತು ಮುಂದೆ ನನಗೇ ಉರುಳಾಗುತ್ತದೆ ಎಂದು ಗೊತ್ತಿಲ್ಲದೆ ಖುಷಿಯಿಂದ ಕಟ್ಟಿಸಿಕೊಂಡೆ.

ನಮ್ಮವ್ವ ಬದುಕಿದ್ದರೆ ಮನೆಯೊಳಕ್ಕೆ ಸೇರಿಸುತ್ತಿರಲಿಲ್ಲ. ಸೆಂಟು ಹಾಕಿಕೊಳ್ಳುವ ಹೆಂಗಸು ಏನನ್ನೋ ಮುಚ್ಚಿಡುತ್ತಾಳೆ ಎಂಬುದು ಅವ್ವನ ತೀರ್ಮಾನ. ಆದರೆ ಅದೇ ಅವ್ವ, ಅಪ್ಪ ಊರಿನ ನಾಟಕದಲ್ಲಿ ರಾಜನ ಪಾರ್ಟು ಮಾಡುವ ದಿನ ಅತ್ತರಿನಲ್ಲಿ ಅದ್ದಿದ ಹತ್ತಿಯನ್ನು ತಾನೇ ಉಂಡೆ ಮಾಡಿ ಅಪ್ಪನ ಕಿವಿಗೆ ಸಿಕ್ಕಿಸುತ್ತಿದ್ದಳು. ಅಪ್ಪ ಕಿರೀಟವಿಟ್ಟುಕೊಂಡು ನಮ್ಮ ಪಕ್ಕದಲ್ಲಿ ಹಾದು ಹೋದರೆ ಇಡೀ ಬೀದಿ ತಿರುಗಿ ನೋಡುತ್ತಿತ್ತು. ಮಾರನೇ ದಿನ ಗದ್ದೆಗೆ ನೀರು ಕಟ್ಟುವಾಗಲೂ ಆ ಹತ್ತಿ ಕಿವಿಯಲ್ಲೇ ಇರುತ್ತಿತ್ತು. ಅಪ್ಪ ಏನನ್ನು ಮುಚ್ಚಿಟ್ಟಿದ್ದ ಎಂದು ಅವ್ವನನ್ನು ನಾನು ಕೇಳಲಿಲ್ಲ. ಈಗ ಕೇಳಬೇಕೆನಿಸುತ್ತದೆ, ಕೇಳಲು ಅವಳಿಲ್ಲ. ಕಿರೀಟ ಇಟ್ಟುಕೊಂಡವರಿಗೆ ಮಾತ್ರ ಪರಿಮಳ ಎಂದು ಯಾರು ಬರೆದಿಟ್ಟಿದ್ದಾರೆ?

ಸರಿ, ನಿತ್ಯದ ಬಳಕೆಗೆ ಇದು ಆಗುತ್ತದೋ ಇಲ್ಲವೋ ನೋಡಿಯೇಬಿಡೋಣ ಎಂದು ಪರೀಕ್ಷೆಗೆ ನಿಂತೆ. ಟೆಸ್ಟರಲ್ಲವೆ ನಾನು. ಮಳವಳ್ಳಿ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ನೋಡಿದೆ. ಬೆವರಿನ ಜೊತೆ ಸೇರಿ ಮೆಣಸು ಇನ್ನೂ ಚೆನ್ನಾಗಿ ಬಂತು, ಪಕ್ಕದವಳು ಕಿಟಕಿ ಕಡೆ ತಿರುಗದೆ ನನ್ನ ಕಡೆಗೇ ತಿರುಗಿದಳು. ಮುದ್ದೆ ತೊಳಸುವಾಗಿನ ಬಿಸಿ ಹಬೆಗೆ ಹೇರಳೆಕಾಯಿ ನಿಲ್ಲುವುದಿಲ್ಲ, ಹತ್ತು ನಿಮಿಷಕ್ಕೆ ಓಡಿಹೋಗುತ್ತದೆ. ಕಬ್ಬಿನ ಸೋಗೆ ಕಟ್ಟುವಾಗ ಬಹಳ ಹಿತ, ಆಲೆಮನೆ ಮುಂದೆ ಹಾದು ಹೋಗುವಾಗ ಮಾತ್ರ ಸೋಲುತ್ತದೆ. ಕುದಿಯುವ ಬೆಲ್ಲದ ಮುಂದೆ ಯಾವ ಸೀಸೆಯೂ ನಿಲ್ಲಲಾರದು. ವಾಯಿಲ್ ಸೀರೆಗೆ ಹೊಡೆದರೆ ಕಲೆಯಾಗುತ್ತದೆ, ಮೈಗೆ ಹೊಡೆದರೆ ಇಲ್ಲ. ಕೊಟ್ಟಿಗೆಯಲ್ಲಿ ನಮ್ಮ ಹಸು ಎರಡು ದಿನ ನನ್ನನ್ನು ಅನುಮಾನದಿಂದ ನೋಡಿತು, ಮೂರನೇ ದಿನ ಒಪ್ಪಿಕೊಂಡಿತು. ಗಂಡನಿಗೆ ಒಂದು ವಾರ ಬೇಕಾಯಿತು.

ತಪ್ಪಾಗಿದ್ದು ಎರಡನೇ ವಾರದಲ್ಲಿ. ಆ ದಿನ ಎದ್ದಿದ್ದು ತಡ. ಮನೆಯಲ್ಲಿ ಹೊಡೆದುಕೊಳ್ಳಲು ಪುರುಸೊತ್ತಿಲ್ಲದೆ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು ಬಂದು, ಡೈರಿ ಬಾಗಿಲ ಬೀಗ ತೆಗೆದವಳೇ ಮುಂಗೈಗೆ ಎರಡು ಸಲ ಹೊಡೆದುಕೊಂಡೆ. ಸಾಲಿನಲ್ಲಿ ಮೊದಲು ನಿಂತಿದ್ದವಳು ಸಾಕಮ್ಮ. ನನಗಿಂತ ಹದಿನೈದು ವರ್ಷ ದೊಡ್ಡವಳು, ಒಂದೇ ಹಸು, ಅದನ್ನು ಮಗಳ ಹಾಗೆ ಸಾಕಿಕೊಂಡಿದ್ದಾಳೆ. ಅವಳ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿದರೆ ಹೇರಳೆಕಾಯಿ! ಸಾಕಮ್ಮನ ಹಿತ್ತಲಲ್ಲಿ ಹೇರಳೆಕಾಯಿ ಗಿಡವಿರುವುದು ಊರಿಗೇ ಗೊತ್ತು. ಹಸು ಹಗ್ಗ ಬಿಚ್ಚಿಕೊಂಡು ಸೊಪ್ಪು ಮೇದಿದೆ ಎಂದು ಒಂದೇ ಉಸಿರಿಗೆ ತೀರ್ಮಾನ ಮಾಡಿದೆ. ಹಾಲು ಬೇಡ ಸಾಕಕ್ಕ, ವಾಸನೆ ಬಂದಿದೆ ಎಂದೆ. ಅವಳು ಮುಚ್ಚಳ ಹಾಕಿದಳು. ಕ್ಯಾನು ಎತ್ತಿಕೊಂಡು ಹೋದಳು.

ಮಧ್ಯಾಹ್ನ ಉಣ್ಣಲು ಕೂತು ಮುದ್ದೆಯ ತುತ್ತನ್ನು ಬಾಯಿಗೆ ತರುವಾಗ ನನ್ನ ಮುಂಗೈ ಮೂಗಿನ ಹತ್ತಿರ ಬಂತು. ತುತ್ತು ಅಲ್ಲೇ ನಿಂತಿತು. ಬೆಳಿಗ್ಗೆ ನಾನು ಮೂಸಿದ್ದು ಹಾಲನ್ನಲ್ಲ, ನನ್ನ ಕೈಯನ್ನು. ಹದಿನೈದು ವರ್ಷದ ಮೂಗು ಎಂದು ಜಂಬ ಕೊಚ್ಚಿಕೊಳ್ಳುವವಳು ತನ್ನ ಕೈ ಯಾವುದು, ಊರಿನ ಹಾಲು ಯಾವುದು ಎಂದು ತಿಳಿಯದೆ ಹೋದೆ. ನನಗೆ ನಾಚಿಕೆಯಾಯಿತು. ಉಣ್ಣುವುದು ಬಿಟ್ಟು ಕೈ ತೊಳೆದು ಸಾಕಮ್ಮನ ಮನೆಗೆ ಹೋದೆ.

ಅವಳು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ: "ಸಾಕಕ್ಕ, ನಿನ್ ಆಲು ಚೆನ್ನಾಗೇ ಇತ್ತು. ವಾಸ್ನೆ ಬಂದಿದ್ದು ನನ್ ಕೈಯಿಂದ. ತಪ್ಪಾಯ್ತು ಕಣಕ್ಕ."

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಬೆಳಿಗ್ಗಿಂದ ಆ ಮೂಕ್ ಪ್ರಾಣೀನ ಬಯ್ಕೊಂಡು ಕುಂತಿವ್ನಿ. ನಂಗ್ಯಾಕೆ ಯೋಳೀಯೆ? ಓಗಿ ಅದುಕ್ಕೆ ಯೋಳು."

ತಮಾಷೆಗೆ ಅಂದಳು ಎಂದುಕೊಂಡೆ. ಅವಳು ತಮಾಷೆ ಮಾಡುವ ಪೈಕಿಯವಳಲ್ಲ. ಎದ್ದು ಕೊಟ್ಟಿಗೆಗೆ ಹೋಗಿ, ಬಿ.ಎ. ಪಾಸು ಮಾಡಿದ ನಾನು, ಹಸುವಿನ ಮುಂದೆ ನಿಂತು ನಿನ್ನದೇನೂ ತಪ್ಪಿಲ್ಲವಮ್ಮ ಎಂದು ಹೇಳಿ ಬಂದೆ. ಆಮೇಲೆ ಸಾಕಮ್ಮ ಹತ್ತಿರ ಕೂರಿಸಿಕೊಂಡು, ನನ್ನ ಮುಂಗೈ ಹಿಡಿದು ಮೂಸಿದಳು. ಎರಡು ಸಲ ಮೂಸಿದಳು. ವಾಪಸು ತಂದ ಹಾಲಿಗೆ ಹೆಪ್ಪು ಹಾಕಿದ್ದಳಂತೆ, ಅದೇನೂ ಕೆಟ್ಟಿಲ್ಲ ಬಿಡು ಎಂದಳು. ಬಿಟ್ಟುಬಿಡು ಈ ಸೆಂಟನ್ನು ಎಂದು ಹೇಳುತ್ತಾಳೆ ಎಂದು ಕಾದೆ. ಅವಳು ಹೇಳಿದ್ದು ಬೇರೆ. "ಚೆಂದಾಗದೆ ಕಣಮ್ಮಿ. ಕೈಗ್ ಮಾತ್ರ ಆಕ್ಕಬ್ಯಾಡ."

ಆ ಸಂಜೆ ಡೈರಿಯ ಸಾಲಿನ ಮುಂದೆಯೇ ನಡೆದದ್ದನ್ನು ಹೇಳಿದೆ. ಸಾಕಮ್ಮನ ಹಾಲಿನ ಮೇಲೆ ಅಪವಾದ ಉಳಿಯಬಾರದು ಎಂದು. ಅದೇ ನನಗೆ ತಿರುಗಿಕೊಂಡಿತು. ನಮ್ಮ ಅಧ್ಯಕ್ಷೆ ಜಯಮ್ಮನವರಿಗೆ ದೊಡ್ಡ ಕೊಟ್ಟಿಗೆ, ಎಂಟು ಹಸು. ಬೇಸಿಗೆಯಲ್ಲಿ ಎರಡು ಸಲ ಅವರ ಹಾಲು ಹುಳಿಯಾಗಿದೆ ಎಂದು ನಾನು ವಾಪಸು ಕಳಿಸಿದ್ದೆ. ಅವರು ಅದನ್ನು ಮರೆತಿರಲಿಲ್ಲ. ಮೀಟಿಂಗು ಕರೆದರು. ಬೇಸಿಗೆಯಲ್ಲಿ ತಮ್ಮ ಹಾಲು ಬೇಡ ಎಂದಾಗಲೂ ಇವಳು ಯಾವ ಸೀಸೆ ಮೂಸಿದ್ದಳೋ ಯಾರಿಗೆ ಗೊತ್ತು ಎಂದರು. ಆಗ ನನ್ನ ಹತ್ತಿರ ಸೀಸೆಯೇ ಇರಲಿಲ್ಲ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಡೆಗೆ ಅವರು ನನ್ನ ಮುಖ ನೋಡಿ, "ಸೆಂಟು ಬುಡ್ತೀಯೋ, ಸ್ಟೂಲು ಬುಡ್ತೀಯೋ, ನೀನೇ ಯೋಳ್ಬುಡು ಸುನಂದ" ಎಂದರು. ಸ್ಟೂಲು ಎಂದರೆ ಟೆಸ್ಟರು ಕೂರುವ ಸ್ಟೂಲು. ನನ್ನ ಕೆಲಸ.

ಅವರ ಮಾತಿನಲ್ಲಿ ಅರ್ಧ ನ್ಯಾಯವಿತ್ತು. ನನಗೆ ಮೈ ಉರಿದದ್ದು ಅದಕ್ಕೇ. ಪೂರಾ ಅನ್ಯಾಯವಾಗಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು. ಹಾಲು ಮೂಸುವವಳು ಸೆಂಟು ಹಾಕಿಕೊಳ್ಳಬಾರದು ಎಂದು ತರಬೇತಿಯಲ್ಲೂ ಹೇಳುತ್ತಾರೆ, ನಾನೇ ಕೇಳಿಸಿಕೊಂಡು ಬಂದಿದ್ದೇನೆ. ಆದರೆ ನನಗಿಂತ ಮುಂಚೆ, ಗಂಡಸರ ಡೈರಿ ಇದ್ದ ಕಾಲದಲ್ಲಿ, ಟೆಸ್ಟರೊಬ್ಬ ಕಿವಿಯ ಮೇಲೊಂದು ಬೀಡಿ, ಬಾಯಲ್ಲೊಂದು ಬೀಡಿ ಇಟ್ಟುಕೊಂಡೇ ಊರಿನ ಹಾಲನ್ನೆಲ್ಲ ಮೂಸುತ್ತಿದ್ದ. ಅವನಿಗೆ ಯಾರೂ ಮೀಟಿಂಗು ಕರೆದಿರಲಿಲ್ಲ. ಬೀಡಿ ಸೇದುವುದು ಗಂಡಸಿನ ಅಭ್ಯಾಸ, ಘಮ ಎನ್ನುವುದು ಹೆಂಗಸಿನ ಕೊಬ್ಬು. ಈ ಲೆಕ್ಕ ನಾನು ಒಪ್ಪುವುದಿಲ್ಲ ಎಂದು ಅಲ್ಲೇ ಹೇಳಿದೆ. ಹಾಲು ಹಾಕುವವರ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದ ಸಾಕಮ್ಮ ಆಗ ಬಾಯಿಬಿಟ್ಟಳು. "ಕೆಲ್ಸ ಕೊಟ್ಟಿದ್ದು ಮೂಗ್ ನೋಡಿ ತಾನೇ? ಮತ್ತೆ ಕತ್ನ ಯಾಕವ್ವ ಇಡ್ಕೊಂಡ್ರಿ? ಮೂಗ್ನೇ ಕೇಳ್ನೋಡಿ."

ಹಾಗಾದರೆ ಕೇಳಿಯೇ ನೋಡಿ ಎಂದೆ. ಒಂದು ವಾರ ಬಿಟ್ಟು, ಸೆಂಟು ಹಾಕಿಕೊಂಡೇ ಬರುತ್ತೇನೆ, ಯಾರದು ಎಂದು ಹೇಳದೆ ಹಾಲು ಮುಂದಿಡಿ, ಒಂದರಲ್ಲಿ ತಪ್ಪಿದರೂ ಸ್ಟೂಲು ನಾನೇ ಎತ್ತಿಕೊಡುತ್ತೇನೆ ಎಂದೆ. ಹೇಳಿದ ಮೇಲೆ ಹೆದರಿಕೆಯಾಯಿತು. ಆ ಕೆಲಸ ಹೋದರೆ ಮನೆ ನಡೆಯದು ಎಂದಲ್ಲ, ಹಾಗೂ ಹೀಗೂ ನಡೆಯುತ್ತದೆ. ಆದರೆ ಊರಿನಲ್ಲಿ ನನ್ನ ಮಾತಿಗೆ ಒಂದು ತೂಕವಿರುವುದು ಆ ಸ್ಟೂಲಿನ ಮೇಲೆ ಮಾತ್ರ. ಇಳಿದರೆ ನಾನು ಯಾರದೋ ಹೆಂಡತಿ, ಯಾರದೋ ಅತ್ತೆ.

ಆ ವಾರವೆಲ್ಲ ಎಲ್ಲಿ ಹೊಡೆದುಕೊಂಡರೆ ಹಾಲಿಗೂ ಮೂಗಿಗೂ ತೊಂದರೆಯಿಲ್ಲ ಎಂದು ನೋಡುವುದೇ ಕೆಲಸ. ಕಿವಿಯ ಹಿಂದೆ ಹಾಕಿಕೊಂಡರೆ ಬಗ್ಗಿದಾಗ ಮುಂದಕ್ಕೆ ಬರುತ್ತದೆ. ಸೆರಗಿಗೆ ಹಾಕಿದರೆ ಸೆರಗು ಕ್ಯಾನಿಗೆ ತಗಲುತ್ತದೆ. ಮೊಣಕಾಲಿನ ಹಿಂದೆ ಹಾಕಿಕೊಂಡರೆ ನೊಣಕ್ಕೆ ಗೊತ್ತಾಗುತ್ತದೆ, ನನಗೆ ಗೊತ್ತಾಗುವುದಿಲ್ಲ. ಆ ಸುಖಕ್ಕೆ ಸೆಂಟು ಯಾಕೆ? ಕಡೆಗೆ ಸಿಕ್ಕಿದ್ದು ಜಡೆಯ ಬುಡ. ಒಂದು ಗಂಟೆ ಮುಂಚೆ ಹೊಡೆದುಕೊಂಡು, ಕೈಯನ್ನು ಸೀಗೆಪುಡಿ ಹಾಕಿ ತೊಳೆದುಬಿಟ್ಟರೆ ಆಯಿತು. ಡೈರಿಗೆ ಹೋಗುವ ಹೊತ್ತಿಗೆ ಹೇರಳೆಕಾಯಿ ಹೋಗಿರುತ್ತದೆ, ಮಸಾಲೆ ತಣ್ಣಗಾಗಿರುತ್ತದೆ, ಮರ ಒಂದೇ ಇರುತ್ತದೆ. ಇಪ್ಪತ್ತನಾಲ್ಕು ಗಂಟೆಯ ಗ್ಯಾರಂಟಿಯ ಮರ. ಎಲ್ಲರೂ ಹೆಚ್ಚು ಹೊತ್ತು ಇರುವ ಸೆಂಟು ಬೇಕು ಎನ್ನುತ್ತಾರೆ, ನಾನೊಬ್ಬಳು ಬೇಗ ಹೋಗಲಿ ಎಂದು ಕಾಯುತ್ತಿದ್ದೆ. ಆದರೆ ನಮ್ಮ ಮನೆಯ ವಾಸನೆ ನಮಗೆ ತಿಳಿಯದ ಹಾಗೆ, ಒಂದು ಗಂಟೆ ಕಳೆದರೆ ಆ ಮರವನ್ನು ಮೂಗು ತನ್ನದೇ ಎಂದು ಒಪ್ಪಿಕೊಂಡು ಪಕ್ಕಕ್ಕಿಡುತ್ತದೆ. ಆಮೇಲೆ ಮುಂದೆ ಬಂದ ಹಾಲು ಹಾಲಾಗಿಯೇ ಬರುತ್ತದೆ. ನನ್ನ ಪರೀಕ್ಷೆಯ ಫಲಿತಾಂಶ ಕೇಳುವುದಾದರೆ ಇಷ್ಟೇ: ನಿತ್ಯದ ಬಳಕೆಗೆ ಆಗುತ್ತದೆ, ಹಾಕಿಕೊಳ್ಳುವವರಿಗೆ ತಾಳ್ಮೆಯಿದ್ದರೆ.

ಆ ದಿನ ಬೆಳಿಗ್ಗೆ ಹಾಲು ಹಾಕದವರೂ ಡೈರಿ ಮುಂದೆ ಬಂದು ನಿಂತಿದ್ದರು. ನನ್ನನ್ನು ಹಿಂಡಿ ಮೂಟೆಗಳ ಹಿಂದೆ ಕೂರಿಸಿ, ಸಾಲಿನ ಮೊದಲ ಏಳು ಮನೆಯ ಹಾಲನ್ನು ಸಾಕಮ್ಮ ಏಳು ಚೊಂಬಿಗೆ ಸುರಿದಳು. ಜಯಮ್ಮನವರು ಪಕ್ಕದಲ್ಲೇ ನಿಂತು ನೋಡಿಕೊಂಡರು. ಆಮೇಲೆ ಕರೆದರು. ಹೊರಗೆ ಬಂದು ಬಗ್ಗಿದೆ. ಒಂದು, ಸರಿ. ಎರಡು, ಸರಿ. ಮೂರನೆಯದರಲ್ಲಿ ಬೂಸಾ ಜಾಸ್ತಿ, ಆದರೂ ಸರಿ. ನಾಲ್ಕು, ಸರಿ. ಐದನೆಯದಕ್ಕೆ ಬಗ್ಗಿದಾಗ ಮೂಗಿನ ತುದಿಯಲ್ಲಿ ಸಣ್ಣಗೆ ಚುಚ್ಚಿತು. ನಿನ್ನೆಯ ಹಾಲಿನ ಚುಚ್ಚು. ಎರಡನೇ ಸಲ ಬಗ್ಗಬೇಕು ಎನಿಸಿತು, ಬಗ್ಗಲಿಲ್ಲ. ಇದು ಬೇಡ ಎಂದೆ. ಆರು, ಏಳು, ಸರಿ.

ಸಾಕಮ್ಮನ ಮುಖ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ತಪ್ಪಿದೆನೇನೋ ಎನಿಸಿತು. ಗಾಜಿನ ಕೊಳವೆಗೆ ಐದನೇ ಚೊಂಬಿನ ಹಾಲು ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಹಾಲು ಹುಳಿಯಾಗಿದ್ದರೆ ಕಾಯಿಸಿದಾಗ ಒಡೆಯುತ್ತದೆ. ಎಲ್ಲರೂ ಕತ್ತು ಚಾಚಿಕೊಂಡು ನೋಡಿದರು. ಕೊಳವೆಯೊಳಗೆ ಚೂರು ಚೂರಾಗಿ ಗಡ್ಡೆ ಕಟ್ಟಿ ನೀರು ಬೇರೆಯಾಯಿತು.

ಯಾರದು ಎಂದು ಕೇಳಿದೆ. ಸಾಲಿನ ಮಧ್ಯದಲ್ಲಿದ್ದ ನನ್ನ ಗಂಡ ತಲೆಯ ಮೇಲಿನ ಟವೆಲು ತೆಗೆದು ಕೈಗೆ ಸುತ್ತಿಕೊಳ್ಳುತ್ತಿದ್ದರು. ಬಾಗಿಲು ತೆಗೆಯಲು ನಾನು ಮುಂಚೆ ಬಂದುಬಿಡುತ್ತೇನೆ, ನಮ್ಮ ಮನೆಯ ಹಾಲು ತರುವುದು ಅವರೇ. ಹಿಂದಿನ ಸಂಜೆ ನಂಟರು ಬರುತ್ತಾರೆಂದು ಕಾಫಿಗೆ ಎರಡು ಲೀಟರು ತೆಗೆದಿಟ್ಟಿದ್ದರಂತೆ. ನಂಟರು ಬರಲಿಲ್ಲ. ಯಾಕೆ ಹಾಳು ಮಾಡಬೇಕು ಎಂದು ಬೆಳಿಗ್ಗೆ ಅದನ್ನೇ ಹೊಸ ಹಾಲಿಗೆ ಬೆರೆಸಿಕೊಂಡು ತಂದಿದ್ದರು.

ಜಯಮ್ಮನವರು ಹತ್ತಿರ ಬಂದರು. ಅವರ ದನಿ ಮೊದಲ ಸಲ ಮೆತ್ತಗಾಗಿತ್ತು. ಎಲ್ಲರ ಹಾಲಿನ ಜೊತೆ ಬೆರೆತರೆ ಎರಡು ಲೀಟರು ಎಲ್ಲಿ ಕಾಣುತ್ತದೆ, ಸುರಿದುಬಿಡಲಿ ಬಿಡು ಎಂದರು. ನಿನ್ನ ಮನೆಯದೇ ಅಲ್ಲವೆ ಎಂದರು. ಇವತ್ತು ನನ್ನದನ್ನು ಸುರಿದರೆ ನಾಳೆ ಅವರದನ್ನು ಸುರಿಯಬೇಕು. ಕೈ ಚಾಚಿ ನಮ್ಮ ಕ್ಯಾನನ್ನು ಸಾಲಿನಿಂದ ಎಳೆದು ಪಕ್ಕಕ್ಕಿಟ್ಟೆ. ಒಡೆದ ಹಾಲಿನ ಕೊಳವೆ ಇನ್ನೂ ಕೈಯಲ್ಲೇ ಇತ್ತು. ಗಂಡನ ಮುಖ ನೋಡಲು ಕಷ್ಟವಾಯಿತು, ನೋಡಿದೆ.

"ಈ ಆಲು ಮನೆಗೋಯ್ತದೆ" ಎಂದೆ. "ಸೆಂಟು ಇಲ್ಲೇ ಇರ್ತದೆ."

ಜಯಮ್ಮನವರು ಹಿಂದಕ್ಕೆ ಸರಿದು ದಾರಿ ಬಿಟ್ಟರು. ನಾನು ಸ್ಟೂಲಿನ ಮೇಲೆ ಕೂತು ಮುಂದಿನವರನ್ನು ಕರೆದೆ. ಮುಂದಿನ ಕ್ಯಾನು ಜಯಮ್ಮನವರದೇ ಆಗಿತ್ತು.